ನಿಮ್ಮ ಮುಂದಿನ ಪ್ರಾಜೆಕ್ಟ್ ಒಂದು ಸೀಟಾಗಲಿ
ಎಂಜಿನಿಯರಿಂಗ್ ಕೊನೆಯ ವರ್ಷದ ವಿದ್ಯಾರ್ಥಿಗಳಿಗೆ ಬಹಿರಂಗ ಪತ್ರ

ಪ್ರೀತಿಯ ವಿದ್ಯಾರ್ಥಿಗಳೇ, ಅವರಿಗೆ ದಾರಿ ತೋರುವ ಗುರುಗಳೇ,

ಪ್ರಾಜೆಕ್ಟಿಗೆ ವಿಷಯ ಹುಡುಕುವ ಓಡಾಟ ಶುರುವಾದಾಗ ಪ್ರತಿ ವರ್ಷ ನಿಮ್ಮಲ್ಲಿ ಒಂದಿಷ್ಟು ತಂಡಗಳು ವೀಲ್‌ಚೇರನ್ನು ಆರಿಸಿಕೊಳ್ಳುತ್ತವೆ. ಮಾತಿಗೆ ಓಗೊಟ್ಟು ಚಲಿಸುವ ವೀಲ್‌ಚೇರ್, ತಲೆ ಆಡಿಸಿದತ್ತ ತಿರುಗುವ ವೀಲ್‌ಚೇರ್, ಮೆಟ್ಟಿಲು ಹತ್ತುವ ವೀಲ್‌ಚೇರ್ ಇವನ್ನೆಲ್ಲ ಕಾಲೇಜು ಪ್ರದರ್ಶನಗಳಲ್ಲಿ ನೋಡಿದ್ದೇನೆ. ಬೆನ್ನುಹುರಿಗೆ ಪೆಟ್ಟಾಗಿ ವೀಲ್‌ಚೇರಿನಲ್ಲೇ ಬದುಕು ನಡೆಸುವವಳು ನಾನು. ನಮ್ಮಂಥವರ ಕುರಿತು ಯೋಚಿಸಲು ಇಡೀ ವರ್ಷ ಕೊಟ್ಟಿದ್ದಕ್ಕೆ ನಿಮಗೆ ಮೊದಲು ನಮಸ್ಕಾರ.

ಆ ಯಂತ್ರಗಳ ಎದುರಿಗೆ ಬಂದಾಗಲೆಲ್ಲ ನನ್ನ ಕಣ್ಣು ಮೊದಲು ಹೋಗುವುದು ಸೀಟಿನ ಕಡೆಗೆ. ಮೋಟಾರು ಹೊಸದು, ಸೆನ್ಸರ್ ಹೊಸದು, ಕೋಡ್ ಹೊಸದು. ಅವನ್ನೆಲ್ಲ ಹೊತ್ತ ಕುರ್ಚಿ ಮಾತ್ರ ಸರ್ಜಿಕಲ್ ಅಂಗಡಿಯಿಂದ ತಂದ 18 ಇಂಚಿನದೇ: ಎರಡು ಪೈಪುಗಳ ನಡುವೆ ಬಿಗಿದ ರೆಕ್ಸಿನ್. ಅದರ ಎತ್ತರ ಬದಲಾಗದು, ಅಗಲ ಬದಲಾಗದು, ಓರೆ ಬದಲಾಗದು. ಹಾಗಾಗಿ ಈ ಕೋರಿಕೆ. ಮುಂದಿನ ಸಲ ವೀಲ್‌ಚೇರನ್ನು ಆರಿಸಿಕೊಂಡರೆ ಮೋಟಾರು ಪಕ್ಕಕ್ಕಿರಲಿ, ಸೀಟನ್ನು ಕೈಗೆತ್ತಿಕೊಳ್ಳಿ. ಕೂತವರು ಕೂತಲ್ಲಿಂದಲೇ, ಯಾರನ್ನೂ ಕರೆಯದೆ, ತಾವೇ ಹೊಂದಿಸಿಕೊಳ್ಳುವಂಥ ಸೀಟು ಬೇಕು. ಊರಿನ ಸೈಕಲ್ ಶಾಪಿನವರು ರಿಪೇರಿ ಮಾಡಬಲ್ಲ ಸೀಟು ಬೇಕು.

ಸೀಟು ಇಷ್ಟು ಮುಖ್ಯವೇ ಎಂದು ನೀವು ಕೇಳಬಹುದು. ಈ ಪತ್ರ ಓದಿ ಮುಗಿಸುವಷ್ಟರಲ್ಲಿ ನೀವು ಗೊತ್ತಿಲ್ಲದೆಯೇ ಹಲವು ಸಲ ಮಗ್ಗುಲು ಬದಲಿಸಿರುತ್ತೀರಿ. ಕೂತಾಗ ಮೈಭಾರದ ಬಹುಪಾಲು ಬೀಳುವುದು ಸೊಂಟದ ಕೆಳಗಿರುವ ಎರಡು ಕೂರುವ ಮೂಳೆಗಳ ಮೇಲೆ. ಮೂಳೆಗೂ ಸೀಟಿಗೂ ನಡುವೆ ಸಿಕ್ಕ ಮಾಂಸಕ್ಕೆ ರಕ್ತ ಹರಿಯುವುದು ಕಡಿಮೆಯಾದೊಡನೆ ನಿಮ್ಮ ನರಗಳು ದೂರು ಹೇಳುತ್ತವೆ, ನೀವು ಸರಿಯುತ್ತೀರಿ. ಬೆನ್ನುಹುರಿಗೆ ಪೆಟ್ಟಾದ ಅನೇಕರಲ್ಲಿ ಆ ದೂರು ಮೆದುಳಿಗೆ ಮುಟ್ಟುವುದೇ ಇಲ್ಲ. ಎಷ್ಟೋ ಸಲ ಒಳಗಿನ ಮಾಂಸ ಮೊದಲು ಸಾಯುತ್ತದೆ, ಚರ್ಮದ ಮೇಲೆ ಕೆಂಪು ಕಲೆ ಕಾಣುವುದು ಆಮೇಲೆ. ಒತ್ತಡದ ಹುಣ್ಣು, ಅಂದರೆ ಬೆಡ್‌ಸೋರ್, ಮೂಳೆಯವರೆಗೆ ಇಳಿದರೆ ತಿಂಗಳುಗಟ್ಟಲೆ ಬೋರಲು ಮಲಗಬೇಕು. ಸೋಂಕು ರಕ್ತಕ್ಕೆ ಸೇರಿದರೆ ಜೀವವೇ ಹೋಗಬಹುದು. ತೋಟದಲ್ಲಿ ಅಡಿಕೆ ಮರದಿಂದಲೋ ತೆಂಗಿನ ಮರದಿಂದಲೋ ಬಿದ್ದು ಬದುಕುಳಿದವರು ಆಮೇಲೆ ಈ ಹುಣ್ಣಿಗೆ ಬಲಿಯಾಗುವುದನ್ನು ಮಲೆನಾಡಿನ ಮನೆಗಳು ಕಂಡಿವೆ.

ಇನ್ನು ಅಳತೆಯ ವಿಚಾರ. ಸೊಂಟ 13 ಇಂಚು ಇರುವ ಹುಡುಗಿಯನ್ನು 18 ಇಂಚಿನ ಸೀಟಿನಲ್ಲಿ ಕೂರಿಸಿದರೆ ಆಧಾರಕ್ಕಾಗಿ ಅವಳು ಒಂದು ಕಡೆಯ ಕೈಯಾಸರೆಗೆ ವಾಲುತ್ತಾಳೆ. ದಿನವೂ ಹಾಗೆ ಕೂತರೆ ಬೆಳೆಯುವ ಬೆನ್ನುಮೂಳೆ ಅದೇ ವಾಲಿನಲ್ಲಿ ಬಾಗಬಹುದು. ರೆಕ್ಸಿನ್ ಜೋತುಬಿದ್ದರೆ ತೊಡೆಗಳೆರಡೂ ಒಳಕ್ಕೆ ಉರುಳಿ ಸೊಂಟ ಒಂದು ಬದಿಗೆ ಓರೆಯಾಗುತ್ತದೆ. ಸೀಟಿನ ಉದ್ದ ಹೆಚ್ಚಾದರೆ ಅದರ ಅಂಚು ಮಂಡಿಯ ಹಿಂಬದಿಗೆ ಒತ್ತುತ್ತದೆ. ಒತ್ತುವುದನ್ನು ತಪ್ಪಿಸಲು ಮುಂದೆ ಜಾರಿ ಕೂರುತ್ತೇವೆ, ಭಾರ ಬಾಲಮೂಳೆಯತ್ತ ಹೋಗುತ್ತದೆ. ಮಂಡಿಯ ಹಿಂಬದಿಗೂ ಸೀಟಿನ ಅಂಚಿಗೂ ನಡುವೆ ಎರಡು ಬೆರಳಿನಷ್ಟು ಜಾಗ ಇರಬೇಕು. ಫುಟ್‌ರೆಸ್ಟ್ ತುಸು ಮೇಲಿದ್ದರೆ ತೊಡೆ ಸೀಟಿನಿಂದ ಎದ್ದು, ತೊಡೆ ಹಂಚಿಕೊಳ್ಳಬೇಕಿದ್ದ ಭಾರವೂ ಆ ಎರಡು ಮೂಳೆಗಳ ಪಾಲಿಗೇ ಬರುತ್ತದೆ. ಇವೆಲ್ಲ ಒಂದೆರಡು ಇಂಚಿನ ಲೆಕ್ಕಗಳು. ಆ ಒಂದೆರಡು ಇಂಚು ಸರಿಸಲಾಗದ ಕುರ್ಚಿಯಲ್ಲಿ ನಾವು ದಿನಕ್ಕೆ ಹತ್ತು, ಹನ್ನೆರಡು ಗಂಟೆ ಕೂರುತ್ತೇವೆ.

ಈ ಬಟ್ಟೆಯ ಸೀಟು ಎಲ್ಲಿಂದ ಬಂತು ಎಂಬುದು ನಿಮಗೆ ಗೊತ್ತಿರಬೇಕು. ಅಮೆರಿಕದಲ್ಲಿ ಗಣಿ ಅಪಘಾತದಲ್ಲಿ ಬೆನ್ನು ಮುರಿದುಕೊಂಡ ಹರ್ಬರ್ಟ್ ಎವರೆಸ್ಟ್ ಎಂಬ ಎಂಜಿನಿಯರ್, ಗೆಳೆಯ ಹ್ಯಾರಿ ಜೆನಿಂಗ್ಸ್ ಜೊತೆ ಸೇರಿ 1930ರ ದಶಕದಲ್ಲಿ ಮಡಚುವ ಉಕ್ಕಿನ ವೀಲ್‌ಚೇರ್ ಮಾಡಿದರು. ಸೀಟಿನ ಕೆಳಗೆ ಕತ್ತರಿಯಂತೆ ಕೂಡುವ ಎರಡು ಅಡ್ಡಪಟ್ಟಿಗಳು. ಕಾರಿನಲ್ಲಿ ಹಾಕಿ ಒಯ್ಯಲು ಕುರ್ಚಿ ಅಗಲದಲ್ಲಿ ಮಡಚಬೇಕಿತ್ತು, ಮಡಚಲು ಸೀಟು ಬಟ್ಟೆಯದೇ ಆಗಬೇಕಿತ್ತು. ಅವರ ಕಾಲಕ್ಕೆ ಅದು ದೊಡ್ಡ ಸಾಧನೆ. ಮನೆಯೊಳಗೆ ಕೂತಿದ್ದವರು ಅದರಿಂದಾಗಿ ಹೊರಗೆ ಬಂದರು. ಇಂದಿಗೂ ನಮ್ಮ ಆಸ್ಪತ್ರೆ, ರೈಲ್ವೆ ನಿಲ್ದಾಣ, ಮನೆಗಳಲ್ಲಿ ಕಾಣುವ ಕುರ್ಚಿಯ ಮೂಲ ರೂಪ ಅದೇ. ತೊಂಬತ್ತು ವರ್ಷಗಳಲ್ಲಿ ಕಾರು ಎಷ್ಟು ಬದಲಾಗಿದೆ ನೋಡಿ. ಕಾರಿನ ಸೀಟನ್ನು ಒಂದು ಲಿವರ್ ಎಳೆದು ಹಿಂದೆ ಮುಂದೆ ಸರಿಸುತ್ತೇವೆ, ಒರಗಿಸುತ್ತೇವೆ. ಅದರಲ್ಲಿ ದಿನಕ್ಕೆ ಒಂದು ಗಂಟೆ ಕೂರುವವರಿಗೆ ಅಷ್ಟು ಅನುಕೂಲವಿದೆ.

ಈ ಕುರ್ಚಿ ಬದಲಾದ ಹಲವು ಕಡೆ ಬದಲಿಸಿದವರಲ್ಲಿ ಬಳಸುವವರೂ ಇದ್ದಾರೆ. 1978ರಲ್ಲಿ ಹ್ಯಾಂಗ್ ಗ್ಲೈಡರ್ ಅಪಘಾತದಲ್ಲಿ ಕಾಲಿನ ಶಕ್ತಿ ಕಳೆದುಕೊಂಡ ಕ್ಯಾಲಿಫೋರ್ನಿಯಾದ ಮರ್ಲಿನ್ ಹ್ಯಾಮಿಲ್ಟನ್, ಗ್ಲೈಡರ್ ಕಟ್ಟುತ್ತಿದ್ದ ಗೆಳೆಯರಿಂದ ಅದೇ ಅಲ್ಯುಮಿನಿಯಂ ಕೊಳವೆಗಳಲ್ಲಿ ಹಗುರ ಕುರ್ಚಿ ಮಾಡಿಸಿಕೊಂಡರು. ಕ್ವಿಕ್ಕಿ ಎಂಬ ಹೆಸರಿನ ವೀಲ್‌ಚೇರ್ ಹುಟ್ಟಿದ್ದು ಹಾಗೆ. 1966ರಲ್ಲಿ ಮೋಟಾರ್‌ಸೈಕಲ್ ಅಪಘಾತಕ್ಕೊಳಗಾದ ಎಂಜಿನಿಯರ್ ರಾಲ್ಫ್ ಹಾಚ್‌ಕಿಸ್ ನಿಕರಾಗುವಾದ ಯುವ ವೀಲ್‌ಚೇರ್ ಬಳಕೆದಾರರ ಜೊತೆ ಕೂತು, ಕಚ್ಚಾರಸ್ತೆಗೆ ತಾಳಿಕೊಳ್ಳುವ, ಸ್ಥಳೀಯ ವೆಲ್ಡಿಂಗ್ ಶಾಪಿನಲ್ಲೇ ಮಾಡಬಹುದಾದ ಕುರ್ಚಿಗಳನ್ನು ರೂಪಿಸಿದರು. ಪೇಟೆಂಟ್ ಮಾಡಿಸದೆ ನಕ್ಷೆಗಳನ್ನು ಹಂಚಿದರು. ನಮ್ಮ ಬೆಂಗಳೂರಿನಲ್ಲಿ 1959ರಲ್ಲೇ ಅಂಗವಿಕಲರಿಗಾಗಿ ಎಪಿಡಿ ಸಂಸ್ಥೆ ಕಟ್ಟಿದ ಎನ್.ಎಸ್. ಹೇಮಾ ಅವರೂ ವೀಲ್‌ಚೇರ್ ಬಳಸುತ್ತಿದ್ದವರು.

ಇಂದಿನ ಭಾರತದಲ್ಲೂ ಕೈಲಾಗುವ ಕೆಲಸ ಇದು. ಐಐಟಿ ಮದ್ರಾಸಿನಲ್ಲಿ ಪ್ರೊಫೆಸರ್ ಸುಜಾತಾ ಶ್ರೀನಿವಾಸನ್ ಅವರ ತಂಡ 2019ರಲ್ಲಿ ‘ಅರೈಸ್’ ಎಂಬ ವೀಲ್‌ಚೇರನ್ನು ಹೊರತಂದಿತು. ಕೂತವರು ತಮ್ಮ ಕೈಯಿಂದಲೇ ಅದನ್ನು ನಿಲ್ಲುವ ಭಂಗಿಗೆ ಏರಿಸಬಹುದು, ಬ್ಯಾಟರಿ ಬೇಡ. ಅಲ್ಲಿಂದಲೇ ಹೊರಟ ನಿಯೋಮೋಷನ್ ಕಂಪನಿಯ ‘ನಿಯೋಫ್ಲೈ’ ಬಳಸುವವರ ಅಳತೆಗೆ ತಕ್ಕಂತೆ ತಯಾರಾಗುತ್ತದೆ. 2025ರಲ್ಲಿ ಅದೇ ಐಐಟಿಯಿಂದ ಸುಮಾರು 9 ಕೆ.ಜಿ. ತೂಕದ ‘ವೈಡಿ ಒನ್’ ಬಂತು. ಇವು ಬಂದಿರುವುದು ಸಂತೋಷ. ಆದರೆ ತಾಲ್ಲೂಕಿನ ಶಿಬಿರದಲ್ಲಿ ಕೈಗೆ ಸಿಗುವುದು ಬೇರೆ. ಅಂಗವಿಕಲರಿಗೆ ಸಾಧನ ಒದಗಿಸುವ ಕೇಂದ್ರದ ಎಡಿಐಪಿ ಯೋಜನೆ 1981ರಿಂದ ಇದೆ, ಸಾಧನ ತಯಾರಿಸುವ ಕಾನ್ಪುರದ ಸರ್ಕಾರಿ ಸಂಸ್ಥೆ ಅಲಿಮ್ಕೊ 1972ರಿಂದ ಇದೆ, ದಾನಿಗಳೂ ಇದ್ದಾರೆ. ಇಷ್ಟಿದ್ದೂ, ಶಾಮಿಯಾನದ ಕೆಳಗೆ ಸಾಲಾಗಿ ನಿಲ್ಲಿಸಿದ ಒಂದೇ ಅಳತೆಯ ಕುರ್ಚಿಗಳಲ್ಲಿ ಪಾರ್ಶ್ವವಾಯುವಾದ ಅಜ್ಜನನ್ನೂ ಸೆರೆಬ್ರಲ್ ಪಾಲ್ಸಿ ಇರುವ ಮಗುವನ್ನೂ ಪೋಲಿಯೊ ಆದ ಹೆಂಗಸನ್ನೂ ಕೂರಿಸಿ ಫೋಟೊ ತೆಗೆದು ಕಳಿಸಿದ್ದನ್ನು ನಾನು ನೋಡಿದ್ದೇನೆ. ಅಳತೆಪಟ್ಟಿ ಯಾರ ಕೈಯಲ್ಲೂ ಇರಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲೇ ಹೇಳಿದೆ: ಬಳಸುವವರ ಅಗತ್ಯಕ್ಕೂ ಪರಿಸರಕ್ಕೂ ಹೊಂದುವ, ಮೈಗೆ ಸರಿಯಾಗಿ ಕೂರುವ, ಸುರಕ್ಷಿತವಾದ, ಆ ನಾಡಿನಲ್ಲೇ ಕೈಗೆಟಕುವ ಬೆಲೆಗೆ ಸಿಕ್ಕಿ ಅಲ್ಲೇ ದುರಸ್ತಿಯಾಗುವ ಕುರ್ಚಿ ಮಾತ್ರ ಸರಿಯಾದ ವೀಲ್‌ಚೇರ್. ಅದೇ ಸಂಸ್ಥೆಯ 2023ರ ಮಾರ್ಗಸೂಚಿಯ ಪ್ರಕಾರ ಜಗತ್ತಿನಲ್ಲಿ ಸುಮಾರು 8 ಕೋಟಿ ಜನರಿಗೆ ವೀಲ್‌ಚೇರ್ ಬೇಕು. ಆರಿಸುವುದು, ಹೊಂದಿಸುವುದು, ಕಲಿಸುವುದು, ಮತ್ತೆ ಬಂದು ವಿಚಾರಿಸುವುದು ಎಂಬ ನಾಲ್ಕು ಹಂತಗಳನ್ನು ಅದು ಹೇಳುತ್ತದೆ. ಹೊಂದಿಸಲು ಬಾರದ ಕುರ್ಚಿ ಕೊಟ್ಟರೆ ಎರಡನೆಯ ಹಂತದಲ್ಲೇ ಎಲ್ಲ ನಿಂತುಹೋಗುತ್ತದೆ.

ಈಗ ನಿಮ್ಮ ಕೆಲಸಕ್ಕೆ ಬರೋಣ. ಸೀಟಿನ ಹೊಂದಾಣಿಕೆಯಲ್ಲಿ ಎರಡು ಬಗೆ. ಅವನ್ನು ಬೇರೆಬೇರೆ ಇಟ್ಟುಕೊಂಡರೆ ನಿಮ್ಮ ವಿನ್ಯಾಸದ ಅರ್ಧ ಗೊಂದಲ ಕಳೆಯುತ್ತದೆ.

ಮೊದಲನೆಯದು ಮೈಯಳತೆಗೆ ಹೊಂದಿಸುವುದು: ಸೀಟಿನ ಅಗಲ, ಉದ್ದ, ಬೆನ್ನಾಸರೆಯ ಎತ್ತರ, ಫುಟ್‌ರೆಸ್ಟಿನ ಎತ್ತರ, ಹಿಂಗಾಲಿಯ ಅಚ್ಚಿನ ಜಾಗ. ಇವು ದಿನದಿನ ಬದಲಾಗುವುದಿಲ್ಲ. ಮಗು ಬೆಳೆದಾಗ, ಕಾಯಿಲೆಯಿಂದ ಮೈ ಇಳಿದಾಗ, ಕುರ್ಚಿ ಮತ್ತೊಬ್ಬರ ಪಾಲಿಗೆ ಹೋದಾಗ ಬದಲಿಸಬೇಕು. ಇವಕ್ಕೆ ಲಿವರ್ ಬೇಡ, ಬೋಲ್ಟ್ ಸಾಕು. ಆದರೆ ಇಡೀ ಕುರ್ಚಿಗೆ ಒಂದೇ ಅಳತೆಯ ಬೋಲ್ಟ್ ಇರಲಿ, ಒಂದೇ ಸ್ಪ್ಯಾನರ್ ಸಾಕಾಗಲಿ, ಆ ಸ್ಪ್ಯಾನರ್ ಪ್ರತಿ ಸೈಕಲ್ ಶಾಪಿನಲ್ಲೂ ಇರುವಂಥದ್ದಾಗಲಿ. ಒಳಕೊಳವೆ, ಹೊರಕೊಳವೆಗಳಲ್ಲಿ ಅಂತರ ಸಮನಾಗಿರುವ ತೂತುಗಳನ್ನು ಕೊರೆದು ಪಕ್ಕದಲ್ಲಿ ಅಂಕಿ ಕೆತ್ತಿ. ಎಡಕ್ಕೆ 4, ಬಲಕ್ಕೆ 5 ಆಗಿ ಸೀಟು ವಾಲಿದರೆ ಕೂತವರಿಗೆ ಅದು ಗೊತ್ತೇ ಆಗದಿರಬಹುದು. ಬಟ್ಟೆಯ ಸೀಟನ್ನೇ ಉಳಿಸಿಕೊಳ್ಳುವುದಾದರೆ ಅಡಿಯಲ್ಲಿ ವೆಲ್ಕ್ರೊ ಪಟ್ಟಿಗಳಿರಲಿ, ಜೋತಾಗ ಬಿಗಿಯಲು ಬರುತ್ತದೆ. ಕುಶನ್ ಹಾಕಿದೊಡನೆ ಎತ್ತರ ಎರಡು ಮೂರು ಇಂಚು ಏರುವುದನ್ನು ಮರೆಯಬೇಡಿ. ಕೈಯಾಸರೆಯೂ ಫುಟ್‌ರೆಸ್ಟೂ ಅದಕ್ಕೆ ತಕ್ಕಂತೆ ಏರಬೇಕು. ಅಂದಹಾಗೆ, ಗಾಲಿಗೂ ಸೀಟಿಗೂ ನಡುವೆ ಗಟ್ಟಿಯಾದ ತಡೆ ಇರಲಿ. ಅಗಲ ಬದಲಿಸಿದಾಗ ಅಲ್ಲಿ ಬಿರುಕು ಉಳಿದರೆ ಸೀರೆಯ ಸೆರಗು, ದುಪಟ್ಟಾ, ಲುಂಗಿ ಗಾಲಿಗೆ ಸಿಕ್ಕಿಕೊಳ್ಳುತ್ತವೆ.

ಎರಡನೆಯದು ದಿನದೊಳಗಿನ ಹೊಂದಾಣಿಕೆ. ಇದರಲ್ಲೂ ಎರಡೇ ಎರಡು: ಎತ್ತರ ಮತ್ತು ಓರೆ.

ಎತ್ತರದ ಅಗತ್ಯ ತಿಳಿಯಲು ನಮ್ಮ ಒಂದು ದಿನವನ್ನು ಹಿಂಬಾಲಿಸಿ. ಬೆಳಿಗ್ಗೆ ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಕಮೋಡಿಗೆ, ಮತ್ತೆ ಕುರ್ಚಿಗೆ. ಮಂಚದ ಎತ್ತರ ಒಂದು, ಕಮೋಡಿನದು ಒಂದು, ಆಟೋ ಸೀಟಿನದು ಇನ್ನೊಂದು. ಕೆಳಗಿನಿಂದ ಮೇಲಕ್ಕೆ ಮೈಯನ್ನು ಎಳೆದುಕೊಳ್ಳುವಾಗ ಇಡೀ ಭಾರ ಬೀಳುವುದು ಭುಜಗಳ ಮೇಲೆ. ನಡೆಯುವವರ ಸೊಂಟದ ಕೀಲು ಮಾಡುವ ಕೆಲಸವನ್ನು ನಮ್ಮ ಭುಜದ ಕೀಲು ಮಾಡುತ್ತದೆ. ಅದು ಆ ಕೆಲಸಕ್ಕೆಂದು ಬೆಳೆದ ಕೀಲಲ್ಲ. ವರ್ಷಗಳು ಕಳೆದಂತೆ ಭುಜ ನೋವು ಹಿಡಿದು, ಸ್ವಂತವಾಗಿ ಇಳಿದು ಹತ್ತುತ್ತಿದ್ದವರು ಇನ್ನೊಬ್ಬರ ಕೈಗೆ ಕಾಯುವಂತಾಗುತ್ತದೆ. ಸೀಟನ್ನು ಮಂಚಕ್ಕಿಂತ ತುಸು ಮೇಲಕ್ಕೋ ಕೆಳಕ್ಕೋ ತರಲು ಬಂದರೆ ಪ್ರತಿ ಸಲವೂ ಇಳಿಜಾರಿನ ಕಡೆಗೇ ಸರಿಯಬಹುದು. ಅಡುಗೆಮನೆಯ ಕಟ್ಟೆಯ ಮೇಲೆ ಕುದಿಯುವ ಸಾರಿನ ಪಾತ್ರೆ ಎದೆಯ ಮಟ್ಟದಲ್ಲಿದೆಯೋ ಸೊಂಟದ ಮಟ್ಟದಲ್ಲಿದೆಯೋ ಎಂಬುದರ ಮೇಲೆ ತೊಡೆ ಸುಡುವುದೂ ಉಳಿಯುವುದೂ ನಿಂತಿದೆ. ಬಿಸಿ ಚೆಲ್ಲಿದ್ದು ತಿಳಿಯದ ತೊಡೆ ಅದು. ಬ್ಯಾಂಕಿನ ಕೌಂಟರ್, ಅಂಗಡಿಯ ಗಲ್ಲಾ, ಮನೆಗೆ ಬಂದವರ ಮುಖ ಎಲ್ಲವೂ ನಮಗಿಂತ ಮೇಲೆ. ಇನ್ನೊಂದೆಡೆ, ಮದುವೆಮನೆಯ ಪಂಕ್ತಿ, ಪೂಜೆ, ಮಗುವಿನ ಆಟ ನೆಲದ ಮೇಲೆ. ಅಮೆರಿಕದ ಸರ್ಕಾರಿ ವಿಮೆ ಮೆಡಿಕೇರ್ ಕೆಲವು ಬಗೆಯ ವಿದ್ಯುತ್ ವೀಲ್‌ಚೇರ್‌ಗಳ ಸೀಟು ಏರಿಸುವ ಸಾಧನಕ್ಕೆ ಹಣ ಕೊಡಲು ಒಪ್ಪಿದ್ದು 2023ರಲ್ಲಿ, ಅಂದರೆ ಮೊನ್ನೆ ಮೊನ್ನೆ. ಕೈಯಿಂದ ನಡೆಸುವ ಅಗ್ಗದ ಕುರ್ಚಿಗೆ ಅಂಥ ಸೀಟನ್ನು ನೀವು ಕೊಡಿ, ಜಗತ್ತಿನ ಎಷ್ಟೋ ಕಡೆ ಅದು ಬೇಕಾಗಿದೆ.

ಓರೆಯ ವಿಷಯದಲ್ಲಿ ಒಂದು ಭೇದವನ್ನು ಗಟ್ಟಿಯಾಗಿ ಹಿಡಿಯಿರಿ. ಬೆನ್ನಾಸರೆಯನ್ನಷ್ಟೇ ಹಿಂದಕ್ಕೆ ಒರಗಿಸಿದರೆ ಸೊಂಟದ ಕೋನ ತೆರೆಯುತ್ತದೆ. ಮೈ ಜಾರಿ ಚರ್ಮ ಉಜ್ಜುತ್ತದೆ, ಕೆಲವರಿಗೆ ಸ್ನಾಯುಗಳು ಸೆಟೆಯುತ್ತವೆ. ಸೀಟು, ಬೆನ್ನಾಸರೆ, ಫುಟ್‌ರೆಸ್ಟ್ ಮೂರನ್ನೂ ಒಂದೇ ತುಂಡಿನಂತೆ ಹಿಂದಕ್ಕೆ ವಾಲಿಸಿದರೆ ಕೂತ ಭಂಗಿ ಹಾಗೇ ಉಳಿದು ಭಾರ ಮಾತ್ರ ಬೆನ್ನಿಗೆ ಹಂಚಿಹೋಗುತ್ತದೆ. ಹುಣ್ಣು ತಡೆಯಲು ಸಾಮಾನ್ಯವಾಗಿ ಬೇಕಾದದ್ದು ಈ ಎರಡನೆಯದು. ಹತ್ತು ಹದಿನೈದು ಡಿಗ್ರಿ ವಾಲಿದರೆ ಕೂರಲು ನೆಮ್ಮದಿ ಸಿಗಬಹುದು, ಆದರೆ ಕೂರುವ ಮೂಳೆಗಳ ಒತ್ತಡ ನಿಜವಾಗಿ ಇಳಿಯಲು 30 ಡಿಗ್ರಿ ಅಥವಾ ಹೆಚ್ಚು ಬೇಕು. ಅಷ್ಟು ವಾಲಿದಾಗ ಗುರುತ್ವ ಕೇಂದ್ರ ಹಿಂಗಾಲಿಯ ಅಚ್ಚನ್ನು ದಾಟಿ ಕುರ್ಚಿ ಹಿಂದಕ್ಕೆ ಉರುಳಬಹುದು. ಸೀಟು ವಾಲುವಾಗಲೇ ಮುಂದಕ್ಕೂ ಸರಿಯುವಂತೆ ಲಿಂಕೇಜ್ ಮಾಡುತ್ತೀರೋ, ಹಿಂದೆ ಪುಟ್ಟ ತಡೆಗಾಲಿ ಕೊಡುತ್ತೀರೋ, ಲೆಕ್ಕ ಹಾಕಿ.

ಏರಿಸಲು ಏನು ಬಳಸಬೇಕು? ಆಫೀಸ್ ಕುರ್ಚಿಯ ಗ್ಯಾಸ್ ಸ್ಪ್ರಿಂಗ್ ಬಹಳ ತಂಡಗಳಿಗೆ ಮೊದಲು ಹೊಳೆಯುತ್ತದೆ. ಆದರೆ ಅದರ ಬಲ ತಯಾರಾಗುವಾಗಲೇ ನಿಗದಿಯಾಗಿರುತ್ತದೆ. 80 ಕೆ.ಜಿ. ಮನುಷ್ಯನಿಗೆ ಸರಿಯಾದದ್ದು 40 ಕೆ.ಜಿ. ಹೆಂಗಸನ್ನು ಚಿಮ್ಮಿಸುತ್ತದೆ. ಮೇಲಾಗಿ ಆಫೀಸಿನಲ್ಲಿ ಕಾಲೂರಿ ಅರೆ ಎದ್ದು ಕುರ್ಚಿಯನ್ನು ಏರಲು ಬಿಡುತ್ತಾರೆ, ನಮಗೆ ಏಳಲಾಗದು. ಕಾರಿನ ಸ್ಕ್ರೂ ಜಾಕ್ ನೋಡಿ. ಅದರ ಎಳೆಗಳ ಓರೆ ಎಷ್ಟು ಕಡಿಮೆಯೆಂದರೆ ಕೈ ಬಿಟ್ಟರೂ ತಾನಾಗಿ ಇಳಿಯುವುದಿಲ್ಲ. ನಿಧಾನ, ನಿಜ; ಆದರೆ ಅದನ್ನು ನಂಬಬಹುದು. ಸ್ಪ್ರಿಂಗ್ ಹಾಕುವುದಾದರೆ ಮೈತೂಕಕ್ಕೆ ತಕ್ಕಂತೆ ಅದರ ಹಿಡಿತದ ಬಿಂದುವನ್ನು ಸರಿಸಲು ಬರಬೇಕು. ಯಾವ ದಾರಿ ಹಿಡಿದರೂ ಒಂದು ನಿಯಮ ಮೀರಬೇಡಿ: ಲಿವರಿನಿಂದ ಕೈ ಜಾರಿದ ಕ್ಷಣವೇ ಸೀಟು ಇದ್ದಲ್ಲೇ ಬೀಗ ಬೀಳಬೇಕು.

ಆ ಲಿವರ್ ಯಾರ ಕೈಗೆ? ಕತ್ತಿನ ಮಟ್ಟದಲ್ಲಿ ಪೆಟ್ಟಾದವರಲ್ಲಿ ಅನೇಕರ ಬೆರಳು ಮಡಚುವುದಿಲ್ಲ. ಮಣಿಕಟ್ಟು ಎತ್ತಬಲ್ಲರು, ಅಂಗೈಯಿಂದ ತಳ್ಳಬಲ್ಲರು. ಹಿಡಿದು ತಿರುಗಿಸುವ ಗುಂಡಿ, ಚಿವುಟಿ ಎಳೆಯುವ ಪಿನ್ನು ಅವರಿಗೆ ಇದ್ದೂ ಇಲ್ಲದಂತೆ. ಅಂಗೈ ಒಳಗೆ ತೂರಿಸಿ ತಳ್ಳಬಹುದಾದ ಅಗಲ ಹಿಡಿ ಕೊಡಿ. ಪಾರ್ಶ್ವವಾಯುವಾದವರಿಗೆ ಒಂದೇ ಕೈ, ಅದು ಎಡವೂ ಆಗಿರಬಹುದು. ಹಿಡಿಯನ್ನು ಎರಡೂ ಬದಿಗೆ ಹಾಕಲು ಬರಲಿ. ಎರಡು ಪಟ್ಟಿಗಳು ಕೂಡುವ ಜಾಗವನ್ನೆಲ್ಲ ಮುಚ್ಚಿ. ಬೆರಳು ಸಿಕ್ಕಿದರೆ ನೀವು ಕೂಗುತ್ತೀರಿ, ಸ್ಪರ್ಶವಿಲ್ಲದ ತೊಡೆ ಸಿಕ್ಕಿದರೆ ರಕ್ತ ಕಂಡಾಗಲೇ ಗೊತ್ತಾಗುವುದು.

ತೂಕದ ಮೇಲೂ ಕಣ್ಣಿರಲಿ. ಹೊಸದಾಗಿ ಸೇರಿಸಿದ ಪ್ರತಿ ಕೆ.ಜಿ.ಯನ್ನೂ ಅದೇ ಭುಜಗಳು ತಳ್ಳಬೇಕು. ಚಲಿಸುವ ಪ್ರತಿ ಕೀಲೂ ಒಂದು ದಿನ ಸಡಿಲವಾಗುತ್ತದೆ, ಮಲೆನಾಡಿನ ಮಳೆಗೆ ತುಕ್ಕು ಹಿಡಿಯುತ್ತದೆ, ಬಯಲುಸೀಮೆಯ ಧೂಳಿಗೆ ಬಿಗಿಯುತ್ತದೆ. ಅದಕ್ಕೇ ದಿನದೊಳಗಿನ ಹೊಂದಾಣಿಕೆಯನ್ನು ಎರಡಕ್ಕೇ ನಿಲ್ಲಿಸಲು ಹೇಳಿದ್ದು. ಪರೀಕ್ಷೆಗೆ ಐಎಸ್‌ಒ 7176 ಸರಣಿ ಇದೆ: ಎರಡು ಉರುಳೆಗಳ ಮೇಲೆ 2,00,000 ಸುತ್ತು, ಮೇಲಿನಿಂದ ಕೆಳಕ್ಕೆ 6,666 ಸಲ ಬೀಳಿಸುವುದು. ಕಾಲೇಜಿನಲ್ಲಿ ಅದಷ್ಟೂ ಆಗದಿರಬಹುದು. ಆದರೆ ದಿನಕ್ಕೆ ಹತ್ತು ಸಲದಂತೆ ಐದು ವರ್ಷಕ್ಕೆ ಲೆಕ್ಕ ಹಾಕಿದರೆ ಸೀಟು 18,250 ಸಲ ಏರಿಳಿಯುತ್ತದೆ. 100 ಕೆ.ಜಿ. ಮರಳಿನ ಮೂಟೆ ಕಟ್ಟಿ ಅಷ್ಟು ಸಲ ಏರಿಳಿಸಿ ನೋಡಲು ಒಂದು ಮೋಟಾರು, ಒಂದು ಕೌಂಟರ್ ಸಾಕು. ಪ್ರದರ್ಶನದ ದಿನ ಒಂದು ಸಲ ಏರಿದ್ದನ್ನು ನೋಡಿ ಚಪ್ಪಾಳೆ ತಟ್ಟುವುದಕ್ಕಿಂತ ಆ ಕೌಂಟರಿನ ಅಂಕಿ ನಮಗೆ ಹೆಚ್ಚು ಬೇಕು.

ಕ್ಯಾಡ್ ತೆರೆಯುವ ಮೊದಲು ಬಳಸುವವರ ಬಳಿಗೆ ಹೋಗಿ. ನಿಮ್ಮ ತಾಲ್ಲೂಕಿನಲ್ಲೇ ಇದ್ದಾರೆ. ಬೆಂಗಳೂರಿನಲ್ಲಿದ್ದರೆ ಎಪಿಡಿ ಇದೆ, 1994ರಿಂದ ಕೆಲಸ ಮಾಡುತ್ತಿರುವ ಮೊಬಿಲಿಟಿ ಇಂಡಿಯಾ ಇದೆ, ನಿಮ್ಹಾನ್ಸ್‌ನಲ್ಲಿ ನರರೋಗಿಗಳ ಪುನಶ್ಚೇತನ ವಿಭಾಗ ಇದೆ. ಒಪ್ಪಿಗೆ ಪಡೆದು, ಬಿಡುವು ಕೇಳಿ, ಅಳತೆಪಟ್ಟಿ ಹಿಡಿದು ಹೋಗಿ. ಅವರ ಸಮಯಕ್ಕೆ ಸಂಭಾವನೆ ಕೊಡಿ. ಅವರು ನಿಮ್ಮ ತಂಡದ ಸಲಹೆಗಾರರು. ಹೆಂಗಸರನ್ನೂ ಮಕ್ಕಳ ತಾಯಂದಿರನ್ನೂ ಕೇಳಿ. ಮಾದರಿಯನ್ನು ಮನುಷ್ಯರ ಮೇಲೆ ಪ್ರಯೋಗಿಸುವಾಗ ಫಿಸಿಯೋಥೆರಪಿಸ್ಟ್ ಅಥವಾ ಆಕ್ಯುಪೇಷನಲ್ ಥೆರಪಿಸ್ಟ್ ಪಕ್ಕದಲ್ಲೇ ಇರಲಿ. ಎದ್ದ ಮೇಲೆ ಚರ್ಮ ಕೆಂಪಾಗಿದೆಯೇ ಎಂದು ಪ್ರತಿ ಸಲವೂ ನೋಡಲಿ.

ಗುರುಗಳೇ, ನಿಮಗೂ ಎರಡು ಮಾತು. ಅಲ್ಗಾರಿದಂ ಇಲ್ಲದ ಪ್ರಾಜೆಕ್ಟನ್ನು ಸಣ್ಣದೆಂದು ಎಣಿಸಬೇಡಿ. 35 ಕೆ.ಜಿ.ಯಿಂದ 90 ಕೆ.ಜಿ.ವರೆಗಿನ ಮೈಯನ್ನು ಬೆರಳು ಮಡಚಲಾಗದ ಕೈಯೊಂದು ಸುರಕ್ಷಿತವಾಗಿ ಏರಿಸಿ ಇಳಿಸುವ, ಸ್ಥಳೀಯ ವೆಲ್ಡಿಂಗ್ ಶಾಪಿನಲ್ಲೇ ತಯಾರಾಗುವ ಯಂತ್ರ ಮೆಕ್ಯಾನಿಕಲ್ ಎಂಜಿನಿಯರಿಂಗ್‌ನ ಒಳ್ಳೆಯ ಕಷ್ಟದ ಸಮಸ್ಯೆ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ (ಕೆಎಸ್‌ಸಿಎಸ್‌ಟಿ) ಪ್ರತಿ ವರ್ಷ ವಿದ್ಯಾರ್ಥಿ ಪ್ರಾಜೆಕ್ಟುಗಳಿಗೆ ಧನಸಹಾಯ ಕೊಡುತ್ತದೆ. ಇಂಥದ್ದಕ್ಕೂ ಅರ್ಜಿ ಹಾಕಿಸಿ. ಒಂದು ತಂಡ ಬಿಟ್ಟಲ್ಲಿಂದ ಮುಂದಿನ ತಂಡ ಶುರುಮಾಡಲಿ. ಒಂದು ವರ್ಷದಲ್ಲಿ ಮುಗಿಯುವ ಕೆಲಸ ಇದಲ್ಲ, ಮೂರು ವರ್ಷ ಹಿಡಿದರೆ ಹಿಡಿಯಲಿ.

ವಿದ್ಯಾರ್ಥಿಗಳೇ, ವೈವಾ ಮುಗಿದ ಮರುದಿನ ನಿಮ್ಮ ಕುರ್ಚಿ ಕಾಲೇಜಿನ ಸ್ಟೋರ್ ರೂಮಿಗೆ ಹೋಗಬಾರದು. ಅದನ್ನು ರೂಪಿಸಲು ನೆರವಾದವರಿಗೆ ಕೊಡಿ, ಆರು ತಿಂಗಳ ಮೇಲೆ ಹೋಗಿ ಏನು ಸಡಿಲವಾಗಿದೆ ನೋಡಿ ಬನ್ನಿ, ಬರೆದಿಡಿ. ನಕ್ಷೆ, ಅಳತೆ, ಖರ್ಚು, ಮುರಿದದ್ದು, ತಿದ್ದಿದ್ದು ಎಲ್ಲವನ್ನೂ ಕನ್ನಡದಲ್ಲೂ ಬರೆದು ಯಾರು ಬೇಕಾದರೂ ಬಳಸುವಂತೆ ಬಿಟ್ಟುಕೊಡಿ. ಆಗ ರೋಣದ ವೆಲ್ಡರ್ ಒಬ್ಬ, ಸಾಗರದ ಸೈಕಲ್ ಶಾಪಿನವನೊಬ್ಬ ಅದನ್ನು ನೋಡಿ ತನ್ನ ಊರಿನವರಿಗೆ ಒಂದು ಮಾಡಿಕೊಡಬಲ್ಲ. ಮೊದಲ ಮಾದರಿ ಒರಟಾಗಿರಲಿ, ಚಿಂತೆಯಿಲ್ಲ. ಕೂತು ನೋಡಲು, ತಪ್ಪು ಹೇಳಲು, ಮತ್ತೆ ಕೂರಲು ನಾವು ತಯಾರಿದ್ದೇವೆ. ಕರೆಯಿರಿ.

ನಿಮ್ಮ ಯಶಸ್ಸು ಬಯಸುವ,
ವೀಲ್‌ಚೇರ್ ಬಳಸುವ ಓದುಗಾರ್ತಿ